ನಮ್ಮ ಹೂರಣ್ಯಾ ಏನೂ ಮಾಡಂಗಿಲ್ಲ

ಶ್ರಾವಣ ಶುಕ್ರವಾರ ಅರಿಷಿಣ-ಕುಂಕುಮಕ್ಕ ಅಂತ ನಮ್ಮ ಓಣ್ಯಾಗಿನ ಹೊಸ ಸೊಸಿ ಒಬ್ಬಾಕಿ ಬಂದಿದ್ಲು. ಉಡಿ ತುಂಬಿಸಿಕೊಂಡು, ಚಾ ಕುಡದು ಹೊರಗ ಬಂದಾಕಿ ಕಟ್ಟಿ ಮ್ಯಾಲೆ ಕಾಲು ಚಾಚಿ ಮಲಗಿದ್ದ ನಮ್ಮ ನಾಯಿನ್ನ ನೋಡಿ, "ಕಾಕು, ನಿಮ್ಮ ನಾಯಿ ಏನೇನು ಮಾಡ್ತದ್ರಿ?" ಅಂತ ಕೇಳಿದ್ಲು. ಆಕಿ ತವರಮನಿ ನಾಯಿ ಶೇಕ್‌ಹ್ಯಾಂಡ್ ಕೊಡ್ತದಂತ. ಮುಂಜಾನೆ ಪೇಪರ್ ತಂದು ಅವರಪ್ಪನ ಕೈಯಾಗ ಇಡ್ತದಂತ. "ಕೂಡು" ಅಂದ್ರ ಕೂಡ್ತದಂತ, "ನಮಸ್ಕಾರ ಮಾಡು" ಅಂದ್ರ ಎರಡೂ ಮುಂಗಾಲು ಎತ್ತತದಂತ.

ನಾ ಒಂದು ಗಳಿಗಿ ವಿಚಾರ ಮಾಡಿದೆ. "ನಮ್ಮದು ಏನೂ ಮಾಡಂಗಿಲ್ಲವಾ" ಅಂದೆ.

ಕಚ್ಚಂಗಿಲ್ಲ ಅಂತ ಹೇಳಲಿಕತ್ತಾರ ಅಂತ ತಿಳಕೊಂಡು ಆಕಿ ಧೈರ್ಯದಿಂದ ಅವನ ತಲಿ ಸವರಿ ಹೋದ್ಲು. ನಾ ಹೇಳಿದ್ದು ಆ ಅರ್ಥಕ್ಕಲ್ಲ. ಖರೇನ ಏನೂ ಮಾಡಂಗಿಲ್ಲ ಅವ. ಐದು ವರ್ಷ ಆತು ನಮ್ಮನಿಗೆ ಬಂದು, ಇವತ್ತಿಗೂ ಒಂದು ಕೆಲಸ ಅಂತ ಕಲತಿಲ್ಲ. ಅದರ ಬಗ್ಗೆನ ನಾಕು ಮಾತು ಬರೀಬೇಕು ಅಂತ ಅವತ್ತಿನಿಂದ ತಲ್ಯಾಗ ಕೂತದ.

ಇವ ನಮ್ಮನಿಗೆ ಬಂದಿದ್ದು 2020ರ ಲಾಕ್‌ಡೌನ್‌ದಾಗ. ಮಗಾ ಪುಣೆದಿಂದ ಲ್ಯಾಪ್‌ಟಾಪ್ ಕಟಗೊಂಡು ಬಂದು ಮನ್ಯಾಗ ಕೂತಿದ್ದಾ. ಬ್ಯಾಸರಾತು ಅಂತ ಒಂದಿನ ರಟ್ಟಿನ ಡಬ್ಬಿಯೊಳಗ ಒಂದು ಮರಿ ತಂದಾ. "ಅಮ್ಮಾ, ಪಕ್ಕಾ ಮುಧೋಳ ನಾಯಿ, ಎಂಟು ಸಾವಿರ ಕೊಟ್ಟೆ" ಅಂದಾ. ಎಂಟು ಸಾವಿರ! ನಮ್ಮ ಮನಿಯವರು ಬ್ಯಾಂಕಿನ್ಯಾಗ ಕ್ಯಾಶಿಯರ್ ಆಗಿದ್ದವರು, ಅವರಿಗೆ ಕೂತಲ್ಲೇ ಬೆವರು ಬಂತು.

ಮುಧೋಳ ನಾಯಿ ಅಂದ್ರ ನಮ್ಮ ಕಡಿ ಮಂದಿಗೆ ಒಂದು ಹೆಮ್ಮಿ. ಬಾಗಲಕೋಟಿ ಜಿಲ್ಲಾದ ಮುಧೋಳದ ತಳಿ, ಸಣ್ಣ ಸೊಂಟ, ಉದ್ದನ್ನ ಕಾಲು, ಮೊಲದ ಬೆನ್ನ ಹತ್ತಿದ್ರ ಬಿಡಂಗಿಲ್ಲ. 2005ರಾಗ ಅಂಚೆ ಇಲಾಖೆಯವರು ಅದರ ಚೀಟಿನ ತಂದಾರ. 2016ರಾಗ ಸೈನ್ಯದವರು ಮರಿಗಳನ್ನ ಮೀರತ್‌ಕ್ಕ ಒಯ್ದು ತಯಾರು ಮಾಡ್ಲಿಕ್ಕ ಸುರು ಮಾಡಿದ್ರು. ಇದೆಲ್ಲಾ ಮಗಾ ಫೋನಿನ್ಯಾಗ ತೋರಿಸಿ ತೋರಿಸಿ ಅವರಪ್ಪನ ಸಮಾಧಾನ ಮಾಡಿದಾ. ಮಿಲಿಟರಿಗೆ ಹೋಗೋ ನಾಯಿ ನಮ್ಮ ಹಿತ್ತಲಕ್ಕ ಬಂದದ ಅಂತ ನಾನೂ ಒಂದೀಟು ಹಿಗ್ಗಿದೆ.

ಮೊದಲನೇ ಇಂಜೆಕ್ಷನ್‌ಗೆ ಅಂತ ದನದ ದವಾಖಾನಿಗೆ ಒಯ್ದಾಗ ಡಾಕ್ಟರು ಅವನ್ನ ಎತ್ತಿ, ಹಿಂದ-ಮುಂದ ತಿರುಗಿಸಿ ನೋಡಿ ಅಂದ್ರು: "ಅಕ್ಕಾರ, ಮುಧೋಳ ನಾಯಿ ಇವನ ಅಜ್ಜನ ಮನಿ ಮುಂದ ಹಾದು ಹೋಗಿರಬೇಕು, ಅಷ್ಟ."

ಹೆಸರಿನ ಕಥಿ ಇನ್ನೊಂದು. ಮಗಾ "ಬ್ರೂನೋ" ಅಂತ ಇಟ್ಟಾ. ನಮ್ಮ ಅತ್ತಿಯವರಿಗೆ ಕಿವಿ ಸ್ವಲ್ಪ ಮಂದ. "ಏನಂದಿ? ಹೂರಣನ? ನಾಯಿಗೆ ಯಾರರೆ ಹೂರಣ ಅಂತ ಹೆಸರ ಇಡ್ತಾರೇನು? ದೇವರ ನೈವೇದ್ಯದ್ದು ಅದು" ಅಂತ ಸಿಟ್ಟಾದ್ರು. ಸಿಟ್ಟಾದ್ರು ಖರೆ, ಮರುದಿನದಿಂದ ತಾವ "ಹೂರಣ್ಯಾ, ಸರಿ ಆಚೆ" ಅನಲಿಕತ್ರು. ಮೈ ಬಣ್ಣನೂ ಬೆಲ್ಲ ಹೆಚ್ಚಾದ ಹೂರಣದ್ದ. ಅದ ಉಳೀತು. ಮುಂದ ಆಫೀಸ ಸುರು ಆತು, ಮಗಾ ಪುಣೆಕ್ಕ ಹೋದಾ. ಎರಡ ದಿನ ಫೋನ್ ಮಾಡಿ "ಬ್ರೂನೋ ಹೆಂಗಿದ್ದಾನ?" ಅಂತ ಕೇಳಿದಾ, ಆಮ್ಯಾಲೆ ಅದೂ ನಿಂತು ಹೋತು. ನಾಯಿ ತಂದವರು ಒಬ್ಬರು, ಅದರ ಗಲೀಜ ಬಳಿಯೋವ್ರು ಇನ್ನೊಬ್ಬರು. ಇದು ನಮ್ಮನಿ ಕಥಿ ಅಷ್ಟ ಅಲ್ಲ, ಓದೋ ಅಕ್ಕಂದಿರು ನಕ್ಕೋತ ತಲಿ ಹಾಕ್ತೀರಿ ಅಂತ ಗೊತ್ತದ ನನಗ.

ಈಗ ಇವನ ಶ್ಯಾಣ್ಯಾತನ ಕೇಳ್ರಿ.

ನಮ್ಮ ಪಡಸಾಲ್ಯಾಗ ಕನ್ನಡಿ ಇರೋ ಕಬ್ಬಿಣದ ಕಪಾಟ ಅದ. ದಿನಾ ಮುಂಜಾನೆ ಅದರ ಮುಂದ ನಿಂತು ಒಳಗಿನ ನಾಯಿಗೆ ಒಂದು ಸಲ ಬೊಗಳ್ತಾನ. ಆಮ್ಯಾಲೆ ಅದು ಎಲ್ಲೆ ಹೋತು ಅಂತ ಕಪಾಟಿನ ಹಿಂದ ಹೋಗಿ ನೋಡ್ತಾನ. ಅಲ್ಲೆ ಸಂದಿಯೊಳಗ ಸಿಕ್ಕೊಂಡು ಕುಂಯ್ ಅಂತಾನ. ನಾ ಒಲಿ ಬಂದ್ ಮಾಡಿ ಬಂದು ಹಿಂದಿನ ಕಾಲು ಹಿಡಿದು ಎಳೀಬೇಕು. ಕನ್ನಡ್ಯಾಗ ಕಾಣೋದು ತಾನ ಅಂತ ನಾಯಿಗಳಿಗೆ ತಿಳಿಯೂದಿಲ್ಲಂತ, ಅದು ಇವನೊಬ್ಬನ ದೋಷ ಅಲ್ಲ. ಆದ್ರ ಬಾಕಿ ನಾಯಿ ನಾಕು ದಿನ ನೋಡಿ ಬಿಟ್ಟು ಬಿಡ್ತಾವ. ಇವಂದು ಐದು ವರ್ಷದಿಂದ ನಡದದ.

ಚೆಂಡು ಒಗದ್ರ ಚೆಂಡು ನೋಡಂಗಿಲ್ಲ, ಒಗದ ಕೈ ನೋಡ್ತಾನ. ಬಾಜೂ ಮನಿ ಬೆಕ್ಕು ಬಂದು ಇವನ ತಾಟಿನ್ಯಾಗಿನ ಹಾಲು ಕುಡೀತದ, ಇವ ಅದರ ಹಿಂದ ರೇಷನ್ ಅಂಗಡಿ ಪಾಳಿ ಹಚ್ಚಿದಂಗ ಸುಮ್ನ ಕೂತಿರ್ತಾನ. ಅದು ಮೀಸಿ ವರಸಿಕೊಂಡು ಹೋದ ಮ್ಯಾಲೆ ಬರೇ ತಾಟು ನೆಕ್ಕಿ, ನನ್ನ ಕಡಿ ನೋಡಿ ಬಾಲ ಅಲ್ಲಾಡಸ್ತಾನ, ಊಟ ಛಲೋ ಆತು ಅನ್ನೋವ್ರಂಗ. ರೊಟ್ಟಿ ಕೊಟ್ರ ಅರ್ಧ ತಿಂದು ಅರ್ಧ ನಾಳಿಗಿರಲಿ ಅಂತ ಮಣ್ಣಾಗ ಮುಚ್ಚಿಡ್ತಾನ. ಮುಚ್ಚಿಡೋದು ಸಂಪಿಗಿ ಗಿಡದ ಬುಡಕ್ಕ, ಮರುದಿನ ಹುಡುಕೋದು ನನ್ನ ಕರಿಬೇವಿನ ಬುಡದಾಗ. ಮೂರು ಕರಿಬೇವಿನ ಸಸಿ ಹೋದ್ವು. ಸಂಪಿಗಿ ಗಿಡಕ್ಕ ಮಾತ್ರ ಜ್ವಾಳದ ಗೊಬ್ಬರ ಬಿದ್ದು ಛಂದ ಹೂ ಬಿಡಲಿಕತ್ತದ.

ಎಲ್ಲಾಕಿಂತ ದೊಡ್ಡ ನಗಿ ಅಂದ್ರ ಗೇಟಿಂದು. ನಮ್ಮದು ಮಾಳಮಡ್ಡ್ಯಾಗ ಮೂಲಿ ಮನಿ. ಗೇಟು ಮೊದಲ ದಕ್ಷಿಣಕ್ಕಿತ್ತು. ಮೂರು ವರ್ಷದ ಹಿಂದ ವಾಸ್ತು ನೋಡೋರೊಬ್ಬರು ಬಂದು, ದಕ್ಷಿಣದ ಗೇಟು ಇರಬಾರದು, ಮಗನ ಲಗ್ನ ತಡಾ ಆಗೋದು ಅದಕ್ಕ ಅಂದ್ರು. ಸರಿ, ಅಲ್ಲೆ ಇಟ್ಟಂಗಿ ಇಟ್ಟು ಗ್ವಾಡಿ ಕಟ್ಟಿಸಿ, ಪೂರ್ವಕ್ಕ ಹೊಸ ಗೇಟು ಇಡಿಸಿದ್ವಿ. ಹೂರಣ್ಯಾಗ ಈ ಸುದ್ದಿ ಇನ್ನೂ ಮುಟ್ಟಿಲ್ಲ. ಯಾರರೆ ಬಂದ ಸಪ್ಪಳ ಆದ್ರ ಸಾಕು, ಓಡಿ ಹೋಗಿ ದಕ್ಷಿಣದ ಗ್ವಾಡಿ ಮುಂದ ನಿಂದರ್ತಾನ. ಗ್ವಾಡಿಗೆ ಬಾಲ ಅಲ್ಲಾಡಸ್ತಾನ. ಅಷ್ಟರಾಗ ಬಂದವರು ಪೂರ್ವದ ಗೇಟು ತಗದು, ಒಳಗ ಬಂದು, ಕಟ್ಟಿ ಮ್ಯಾಲೆ ಕೂತು ಚಾ ಕುಡೀತಿರ್ತಾರ. ಇವ ಇನ್ನೂ ಗ್ವಾಡಿ ಕಾಯ್ತಿರ್ತಾನ. ಮಗನ ಲಗ್ನನೂ ಇನ್ನೂ ಆಗಿಲ್ಲ ಬಿಡ್ರಿ. ಮೂವತ್ತು ಸಾವಿರ ಖರ್ಚು ಮಾಡಿದ ನಾವು ಶ್ಯಾಣ್ಯಾರೋ, ಗ್ವಾಡಿ ನಂಬಿದ ಅವ ಶ್ಯಾಣ್ಯಾನೋ ಅಂತ ನಾ ಒಮ್ಮೆ ಅಂದಿದ್ದಕ್ಕ ಮನಿಯವರು ಅವತ್ತು ಎರಡನೇ ಸಲ ಸಾರು ಹಾಕಿಸಿಕೊಳ್ಳಲಿಲ್ಲ.

ನಗೋ ಮಾತಿನ ನಡುವ ಒಂದು ಹೆದರಿಕಿ ಮಾತೂ ಹೇಳಬೇಕು. ನಮ್ಮ ಅತ್ತಿಯವರು ದಿನಾ ಪೂಜಿ ಆದ ಮ್ಯಾಲೆ ನೈವೇದ್ಯದ ಒಣದ್ರಾಕ್ಷಿ ಒಂದೆರಡು ಇವನ ಬಾಯಾಗ ಹಾಕ್ತಿದ್ರು. "ಸರಿ ಆಚೆ" ಅನ್ನೋದು ಅಷ್ಟೊತ್ತಿಗೆ "ಬಾ ಇಲ್ಲೆ" ಆಗಿತ್ತು. ಒಂದು ಸತ್ಯನಾರಾಯಣ ಪೂಜಿ ದಿನ ಸಪಾತಭಕ್ಷಕ್ಕಂತ ತೆಗೆದಿಟ್ಟ ವಿಜಯಪುರದ ಒಣದ್ರಾಕ್ಷಿ, ಪಾವಕಿಲೋ ಇರಬೇಕು, ಅಷ್ಟೂ ಈ ಮಹಾರಾಯ ತಿಂದಾ. ನಾ ನಕ್ಕು ಬಿಡತಿದ್ದೆ, ಆದ್ರ ಅವ ಸುಮ್ನ ಹೇಳಿರಲಿ ಅಂತ ಡಾಕ್ಟರಿಗೆ ಫೋನ್ ಮಾಡಿದೆ. "ಅಕ್ಕಾರ, ಇದ್ದ ಹಂಗ ಕರಕೊಂಡು ಬರ್ರಿ" ಅಂದ್ರು. ದ್ರಾಕ್ಷಿ ನಾಯಿಗೆ ವಿಷ ಅಂತ. ಹಸೀದೂ ಹೌದು, ಒಣಗಿದ್ದೂ ಹೌದು. ಮೂತ್ರಪಿಂಡ ಕೆಡ್ತಾವ. ಹುಣಸಿಹಣ್ಣಾಗ ಇರೋ ಹುಳಿ ಆಮ್ಲನ ದ್ರಾಕ್ಷ್ಯಾಗೂ ಇರ್ತದ, ಅದರದ ಕಾರಣ ಅಂತ ಈಗೀಗ ಹೇಳ್ತಾರ. ಅಂದ್ರ ಹುಣಸಿಹಣ್ಣೂ ಕೊಡಬಾರದು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಚಾಕ್ಲೇಟು, ಇವೂ ಹಂಗ. ನಾ ಅಲ್ಲೀತನಕ ಮಿಕ್ಕಿದ ಹುಳಿ-ಅನ್ನ ಹಾಕಿಕೋತ ಬಂದಾಕಿ, ಎದಿ ಧಸಕ್ ಅಂತು. ವಾಂತಿ ಮಾಡಿಸಿ, ಎರಡು ದಿನ ಸಲೈನ್ ಹಚ್ಚಿ ಉಳಿಸಿದ್ರು. ತಿಂದ ತಾಸು-ಎರಡು ತಾಸಿನ್ಯಾಗ ಬಂದಿದ್ದಕ್ಕ ಬಚಾವಾದಾ ಅಂದ್ರು. ಮನ್ಯಾಗ ನಾಯಿ ಇದ್ದವರು ಇದೊಂದು ನೆನಪಿಟ್ಟುಕೊಳ್ರಿ, ಬಾಕಿದ್ದು ಬಿಟ್ರೂ ನಡೀತದ.

ಈಗ ನನ್ನ ತಕರಾರಿಗೆ ಬರ್ತೀನಿ.

ನಾಯಿಗಳ ಬುದ್ಧಿಗೆ ನಂಬರ್ ಕೊಟ್ಟಾರಂತ. ಮಗಾ ಒಮ್ಮೆ ಫೋನಿನ್ಯಾಗ ಕಳಿಸಿದ್ದಾ, ಅವರಪ್ಪನ ಜೋಡಿ ಚ್ಯಾಷ್ಟಿ ಮಾಡ್ಲಿಕ್ಕ. ಸ್ಟ್ಯಾನ್ಲಿ ಕೋರೆನ್ ಅನ್ನೋ ಮನಶ್ಶಾಸ್ತ್ರದ ಪ್ರೊಫೆಸರು 1994ರಾಗ ಬರದ ಪುಸ್ತಕ. ಅದರಾಗ ಬಾರ್ಡರ್ ಕೋಲಿ ಅನ್ನೋ ಕುರಿ ಕಾಯೋ ನಾಯಿ ಫಸ್ಟ್ ಕ್ಲಾಸು. ಅಫಘಾನ್ ಹೌಂಡ್ ಎಲ್ಲಾಕಿಂತ ಕಡೀಕ. ಉದ್ದನ್ನ ರೇಶಿಮಿ ಕೂದಲಿಂದು, ಓಡಿದ್ರ ಕುದರಿ ಹಂಗ ಕಾಣ್ತದ, ಅದು ದಡ್ಡಂತ! ಹೆಂಗ ಅಳದ್ರು ಅಂತ ನೋಡಿದೆ. ನಾಯಿ ಸ್ಪರ್ಧಾದಾಗ ಮಾರ್ಕ್ಸ್ ಕೊಡೋ ಜಡ್ಜಗಳನ್ನ ಕೇಳ್ಯಾರ. ಹೊಸಾದು ಎಷ್ಟು ಸಲ ಹೇಳಿದ್ರ ಕಲೀತದ, ಹೇಳಿದ ಮಾತು ಮೊದಲನೇ ಸಲಕ್ಕ ಎಷ್ಟು ಕೇಳ್ತದ, ಇಷ್ಟ ಅದರ ಅಳತಿ. ಅದು ಕೆಲಸದ ಬುದ್ಧಿ, ಬುದ್ಧಿಯೊಳಗ ಬ್ಯಾರೆ ಬ್ಯಾರೆ ತರಹ ಅವ ಅಂತ ಆ ಪ್ರೊಫೆಸರೂ ಅಂದಾರ. ಖರೆ ಅಂವಾ ಅಂದದ್ದು ಯಾರೂ ಓದಂಗಿಲ್ಲ. ನಂಬರ್ ಅಷ್ಟ ಓದ್ತಾರ.

ಹೇಳಿದ ಮಾತು ಕೇಳೋದ ಶ್ಯಾಣ್ಯಾತನ ಅಂತ ಯಾರು ಅಂದ್ರು? ಹೇಳಿದ ಕೆಲಸ ಹೇಳಿದ ಕೂಡ್ಲೆ ಮಾಡಿದ್ರ ಅದು ವಿಧೇಯ. ಅದರ ಗುಣ ಬ್ಯಾರೆ. ನಾ ಇದನ್ನ ಸುಮ್ನ ಹೇಳಲಿಕತ್ತಿಲ್ಲ. ನಾ ಪಿಯುಸಿ ಆದಾಕಿ, ಇಂಗ್ಲಿಷಿನ್ಯಾಗ ನೂರಕ್ಕ 35, ಒಂದೂ ಹೆಚ್ಚಿಲ್ಲ ಒಂದೂ ಕಡಿಮಿ ಇಲ್ಲ. ಲಗ್ನ ಆಗಿ ಈ ಮನಿಗೆ ಬಂದು ಮೂವತ್ತು ವರ್ಷ ಮ್ಯಾಲಾತು. ಹೇಳಿದ್ದೆಲ್ಲಾ ಮಾಡಿದಾಗ "ಭಾಳ ಶ್ಯಾಣ್ಯಾ ಸೊಸಿ" ಅಂದ್ರು. ಒಮ್ಮೆ "ಯಾಕ?" ಅಂತ ಕೇಳಿದಾಗ "ನಿನಗ ತಿಳಿಯೂದಿಲ್ಲ ಬಿಡು" ಅಂದ್ರು. ನನ್ನ ಬುದ್ಧಿ ಅವತ್ತೂ ಅಷ್ಟ ಇತ್ತು, ಮರುದಿನಾನೂ ಅಷ್ಟ ಇತ್ತು. ಇರಲಿ. ನಾಯಿ ಬಗ್ಗೆ ಬರಿಯೋವಾಗ ನನ್ನ ಪುರಾಣ ಯಾಕ.

ಎರಡು ವರ್ಷದ ಹಿಂದ, ಬ್ಯಾಸಿಗ್ಯಾಗ, ನಮ್ಮ ಹಿತ್ತಲದಾಗಿನ ತಾಮ್ರದ ಹಂಡೆ ಕಳುವಾತು. ಅದು ಬರೇ ಹಂಡೆ ಅಲ್ಲ. ನಮ್ಮ ಅತ್ತಿಯವರು ಲಗ್ನದಾಗ ತವರಮನಿಯಿಂದ ತಂದಿದ್ದು. ನಾಕು ಬಾಣಂತಿಯರಿಗೆ ನೀರು ಕಾಸಿದ ಹಂಡೆ, ನನ್ನ ಮಗನ ಬಾಣಂತಿತನಕ್ಕೂ ಅದ. ಗೀಸರ್ ಬಂದ ಮ್ಯಾಲೂ ಅವರು ಹಬ್ಬಕ್ಕೊಮ್ಮೆ ಹುಣಸಿಹಣ್ಣು ಹಚ್ಚಿ ತಾವ ತಿಕ್ಕಿ ಫಳಫಳ ಮಾಡಿ ಇಡ್ತಿದ್ರು. ಮುಂಜಾನೆ ಎದ್ದು ನೋಡಿದ್ರ ಒಲಿಗುಂಡಿನ ಮ್ಯಾಲೆ ಬರೇ ಮಸಿ ಉಂಗರ.

ಎದರ ಮನಿಯವರ ಕ್ಯಾಮೆರಾದಾಗ ಎಲ್ಲಾ ಬಿದ್ದಿತ್ತು. ನಾವೆಲ್ಲಾ ಅವರ ಪಡಸಾಲ್ಯಾಗ ಕೂತು ಟಿವಿಯೊಳಗ ನೋಡಿದ್ವಿ, ಸಿನಿಮಾ ನೋಡಿಧಂಗ. ರಾತ್ರಿ ಎರಡೂವರಿ. ಒಬ್ಬಾಂವಾ ಕಂಪೌಂಡ ಜಿಗಿದಾ. ಹೂರಣ್ಯಾ ಎದ್ದಾ. ನಾವು ಉಸಿರು ಹಿಡದ್ವಿ. ಹೂರಣ್ಯಾ ಮೈ ಮುರದಾ, ಅವನ ಹತ್ರ ಹೋದಾ, ಕೈ ಮೂಸಿದಾ, ಅಡ್ಡ ಬಿದ್ದು ಹೊಟ್ಟಿ ತೋರಿಸಿದಾ. ಆ ಕಳ್ಳ ಪುಣ್ಯಾತ್ಮ ಒಂದು ನಿಮಿಷ ಕೂತು ಇವನ ಹೊಟ್ಟಿ ಕೆರದಾ! ಆಮ್ಯಾಲೆ ಹಿತ್ತಲಕ್ಕ ಹೋಗಿ ಹಂಡೆ ಹೊತಗೊಂಡು ಬಂದಾ, ಪೂರ್ವದ ಗೇಟು ತಗದಾ. ಇವ ಮುಂದ ಮುಂದ ಬಾಲ ಅಲ್ಲಾಡಿಸಿಕೋತ, ಬೀಗರನ್ನ ಬಸ್‌ಸ್ಟ್ಯಾಂಡಿಗೆ ಬಿಡಲಿಕ್ಕ ಹೋಗೋವ್ರಂಗ ಓಣಿ ತುದಿ ತನಕ ಹೋಗಿ, ಕಳಿಸಿ, ವಾಪಸ್ ಬಂದು ಮಲಕೊಂಡಾ. ಎದರ ಮನಿ ಹುಡುಗರು ಹೊಟ್ಟಿ ಹಿಡಕೊಂಡು ನಕ್ಕರು. ನನಗೂ ನಗು ಬಂತು, ಆದ್ರ ಬಾಜೂಕ ಅತ್ತಿಯವರ ಮಾರಿ ನೋಡಿ ಸೆರಗು ಬಾಯಿಗೆ ಹಿಡಕೊಂಡೆ.

ಅತ್ತಿಯವರು ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಮನಿಯವರು ಲೆಕ್ಕದ ವಹಿ ತಗದ್ರು. ಇವನ ಊಟ, ಇಂಜೆಕ್ಷನ್, ಸಲೈನ್, ಕರಿಬೇವಿನ ಸಸಿ ಸುದ್ಧಾ ಬರದಿದ್ರು. "ಕಾಯಲಾರದ ನಾಯಿ ಯಾಕ ಬೇಕು? ತಮ್ಮನ ಹೊಲಕ್ಕ ಬಿಡೋಣ" ಅಂದ್ರು. ನಮ್ಮ ಮೈದುನರದು ನವಲಗುಂದದ ಆಚೆ ಎರಿ ಹೊಲ. ಕಳುವಾದ ರಾತ್ರಿ ಅವರೂ ಅವರ ಮನಿಯಾಕಿನೂ ನಮ್ಮನ್ಯಾಗ ಇದ್ರು. "ವೈನಿ, ಹೊಲದಾಗ ನಾಕು ನಾಯಿ ಅವ, ಅವುಗಳ ಜೋಡಿ ಕಲೀತದ ಬಿಡ್ರಿ" ಅಂದ್ರು.

ನಾ ಏನಂದೆ ಗೊತ್ತದ? ಏನೂ ಅನಲಿಲ್ಲ. ಅತ್ತಿಯವರ ಹಂಡೆ ಹೋಗ್ಯದ, ನಾ ನಾಯಿ ಪರ ಹೆಂಗ ಮಾತಾಡಲಿ ಅಂತ ಸುಮ್ನಾದೆ. ಅವತ್ತು ನಾ ಶ್ಯಾಣ್ಯಾ ಸೊಸಿ ಆಗಿದ್ದೆ. ಅದ ಇವತ್ತಿಗೂ ನನ್ನ ಎದಿಯೊಳಗ ಚುಚ್ಚತದ.

ಕಾರಿನ್ಯಾಗ ಒಯ್ದ್ವಿ. ಹಾದಿ ತುಂಬ ಕಿಟಕ್ಯಾಗ ಮಾರಿ ಇಟ್ಟು, ಕಿವಿ ಹಾರಿಸಿಕೋತ, ಜಾತ್ರಿಗೆ ಹೊಂಟವರಂಗ ಕೂತಿದ್ದಾ. ಹೊಲದಾಗ ಇಳಿಸಿ, ರೊಟ್ಟಿ ಹಾಕಿ, ಅವ ರೊಟ್ಟಿ ಕಡಿ ನೋಡೂದ್ರಾಗ ನಾವು ಕಾರು ಹತ್ತಿದ್ವಿ. ಸ್ವಲ್ಪ ದೂರ ಓಡಿ ಬಂದಾ. ರಸ್ತೆ ತಿರುವಿನ್ಯಾಗ ಒಂದು ಬನ್ನಿ ಗಿಡ ಅದ, ಅಲ್ಲೆ ನಿಂತಾ. ನಾ ತಿರುಗಿ ನೋಡಿದಾಗ ಬಾಲ ಅಲ್ಲಾಡಸಲಿಕತ್ತಿದ್ದಾ.

ಬಿಟ್ಟು ಬಂದ ನಾಯಿ ಎಷ್ಟೋ ಮೈಲಿ ಹಾದಿ ಹುಡಿಕಿಕೊಂಡು ಮನಿಗೆ ಬಂದ ಕಥಿ ನೀವೂ ಕೇಳಿರಬೇಕು. ನಾ ದಿನಾ ರಾತ್ರಿ ಗೇಟಿನ ಸಪ್ಪಳಕ್ಕ ಏಳ್ತಿದ್ದೆ. ಎಲ್ಲಿ ಬರ್ತಾನ? ಶ್ಯಾಣ್ಯಾ ನಾಯಿ ಆಗಿದ್ರ ಬರ್ತಿತ್ತು. ಇನ್ನೊಂದು ಥರ ಶ್ಯಾಣ್ಯಾ ಆಗಿದ್ರ ಅಲ್ಲೇ ಹೊಲದ ನಾಯಿಗಳ ಜೋಡಿ ಹೊಂದಿಕೊಂಡು ಇರ್ತಿತ್ತು. ನಮ್ಮವಂಗ ಎರಡೂ ತಿಳೀಲಿಲ್ಲ. ನಾಕನೇ ದಿನ ಮೈದುನರ ಫೋನ್ ಬಂತು. "ವೈನಿ, ಇದು ಬನ್ನಿ ಗಿಡದ ಬುಡ ಬಿಟ್ಟು ಏಳವಲ್ಲದು. ರೊಟ್ಟಿ ಒಯ್ದು ಹಾಕಿದ್ರ ಬ್ಯಾರೆ ನಾಯಿ ತಿಂದು ಹೋಗ್ತಾವ, ಇದು ನೋಡಿಕೋತ ಬಾಲ ಅಲ್ಲಾಡಸ್ತದ. ನೀರಷ್ಟ ಕುಡೀತದ. ಕಾರು ಬಂದ್ರ ಎದ್ದು ನಿಂದರ್ತದ, ಹೋದ್ರ ಕೂಡ್ತದ."

ಫೋನ್ ಸ್ಪೀಕರ್ ಮ್ಯಾಲಿತ್ತು. ಅತ್ತಿಯವರು ಹೂಬತ್ತಿ ಹೊಸೀಲಿಕತ್ತಿದ್ರು. ಕಿವಿ ಮಂದ ಇದ್ದವರಿಗೆ ಕೆಲವು ಮಾತು ಬರೋಬ್ಬರಿ ಕೇಳಸ್ತಾವ. ಹತ್ತಿ ಕೆಳಗಿಟ್ಟು ಮಗನ್ನ ಕರದ್ರು.

"ಕಳ್ಳ ಬಂದ ದಿನ ಮನ್ಯಾಗ ಎಷ್ಟು ಮಂದಿ ಇದ್ವೋ?"

"ಐದು ಮಂದಿ" ಅಂದ್ರು ಇವರು. ಲೆಕ್ಕ ಅಂದ್ರ ಲಗೂನ ಬರ್ತದ ಅವರಿಗೆ.

"ಐದೂ ಮಂದಿ ಮಲಗಿದ್ವಿ. ಎದ್ದಾಂವಾ ಅವನೊಬ್ಬನ. ಅವನ್ನ ಹೊರಗ ಹಾಕಿದ್ರಿ. ಹೋಗು, ಕರಕೊಂಡು ಬಾ."

ಇವರು "ಅವ್ವಾ, ನಿನ್ನ ಹಂಡೆ..." ಅಂದ್ರು.

"ಹಂಡೆಗೆ ನಾ ಇನ್ನೆಷ್ಟು ವರ್ಷ ನೀರು ಕಾಸಾಕಿ? ಹೋಗಂದೆ."

ಅವತ್ತೇ ಹೊಂಟ್ವಿ. ಬಿಸಲು ಭಾಳ ಇತ್ತು, ಇವರು ಟೊಪಗಿ ಹಾಕಿದ್ರು, ಕಪ್ಪು ಚಷ್ಮಾ ಬ್ಯಾರೆ. ಬನ್ನಿ ಗಿಡದ ಹತ್ರ ಕಾರು ನಿಲ್ಲಿಸಿ ಇಳದ್ವಿ. ಪಕಡಿ ಎಣಸಬಹುದಿತ್ತು, ಅಷ್ಟು ಸೊರಗಿದ್ದಾ. ಎದ್ದು ನಿಂತಾ, ನಮ್ಮನ್ನ ನೋಡಿದಾ, ಮತ್ತ ಬೊಗಳಿದಾ! ಕಳ್ಳಗ ಬೊಗಳಲಾರದವ, ಸಾಕಿದ ಧಣಿಗೆ ಹಲ್ಲು ಕಿಸದು ಬೊಗಳಿದಾ. ಇವರು ಟೊಪಗಿ ತಗದು "ಹೂರಣ್ಯಾ, ನಾನೋ" ಅಂದ್ರು. ಆಗ ಗುರ್ತು ಹತ್ತಿ, ಬಂದು, ಸಂತೋಷ ತಡೀಲಾರದ ಅವರ ಚಪ್ಪಲಿ ಮ್ಯಾಲೆ ಉಚ್ಚಿ ಹೊಯ್ಕೊಂಡಾ. ಯಾವಾಗಿದ್ರೂ ಹೊಲಸು ಅಂತ ದೂರ ಸರಿಯೋ ಮನಷ್ಯಾ, ಅವತ್ತು ಕಾಲು ಸರಸಲಿಲ್ಲ. ನಾ ಆ ಕಡಿ ತಿರುಗಿ ಕಡ್ಲಿ ಹೊಲ ನೋಡಿಕೋತ ನಿಂತೆ, ಬ್ಯಾಸಿಗ್ಯಾಗ ಹೊಲದಾಗ ಏನೂ ಇರಲಿಲ್ಲ ಆ ಮಾತು ಬ್ಯಾರೆ.

ಸಿಟ್ಟು ಸುದ್ಧಾ ಮಾಡಲಿಲ್ಲ ಅವ ನಮ್ಮ ಮ್ಯಾಲೆ. ಬಿಟ್ಟು ಹೋಗಿದ್ರು ಅನ್ನೋದ ಅವಂಗ ತಿಳದಿರಲಿಲ್ಲ. ಬರಲಿಕ್ಕ ತಡಾ ಮಾಡಿದ್ರು ಅಂತ ಅಷ್ಟ ತಿಳಕೊಂಡಿದ್ದಾ.

ಹಿಂಗಿದ್ದ ಮ್ಯಾಲೆ ನನಗ ಸಿಟ್ಟು ಬರೋದು ನಾಯಿ ಸಾಕಿ ಬಿಡೋ ನಮ್ಮಂಥಾ ಮಂದಿ ಮ್ಯಾಲೆನ. ನಾವು ನಾಕು ದಿನಕ್ಕ ತಿರುಗಿ ಹೋದ್ವಿ. ಹೋಗದವರೆಷ್ಟು ಮಂದಿ? ಆ ಲಾಕ್‌ಡೌನ್‌ದಾಗ ತಂದ ಮರಿಗಳೆಲ್ಲಾ ಈಗ ಎಲ್ಲೆ ಅವ ಅಂತ ಹೈವೇ ಧಾಬಾಗಳ ಮುಂದ ನೋಡ್ರಿ, ಕುತ್ತಿಗಿಯೊಳಗ ಇನ್ನೂ ಪಟ್ಟಾ ಇರ್ತದ. ಹೊಟ್ಟಿಗಿಲ್ಲದ ನರಳೋಹಂಗ ಪ್ರಾಣಿನ್ನ ಬಿಟ್ಟು ಹೋಗೋದು 1960ರ ಕಾಯ್ದೆ ಪ್ರಕಾರ ಅಪರಾಧ. ಮೊದಲ ಸಲಕ್ಕ ದಂಡ ಎಷ್ಟು ಗೊತ್ತದೇನು? ಹತ್ತು ರೂಪಾಯಿಂದ ಐವತ್ತು ರೂಪಾಯಿ. ಸಂಜೀಕ ಇಬ್ಬರು ಗಿರ್ಮಿಟ್ ಮಿರ್ಚಿ ತಿಂದ್ರ ಅದಕ್ಕಿಂತ ಹೆಚ್ಚಾಗ್ತದ.

"ಅದು ಕಾಯಂಗಿಲ್ಲ, ಕಲಿಯಂಗಿಲ್ಲ" ಅಂತ ಬಿಡ್ತಾರ. ಅಲ್ರಿ, ಅದು ತಾ ಕಾಯ್ತೀನಿ ಅಂತ ಅರ್ಜಿ ಹಾಕಿ ಬಂದಿತ್ತೇನು? ಕಾಯಬೇಕು ಅಂದ್ರ ಹಿತ್ತಲದ ಬಾಗಲಾಕ ನೂರು ರೂಪಾಯಿ ಚಿಲಕ ಬಡೀಬೇಕಿತ್ತು, ಕಳುವಾದ ಮ್ಯಾಲೆ ಬಡದ್ವಿ ನಾವು.

ಹಂಗಂತ ದಡ್ಡ ನಾಯಿ ಇದ್ದವರೆಲ್ಲಾ ಸಾಧುಗಳು ಅಂತ ನಾ ಅನಂಗಿಲ್ಲ. "ಏನೂ ಮಾಡಂಗಿಲ್ರಿ ಅದು" ಅಂತ ಬಿಟ್ಟು ತಿರುಗೋ ಮಂದಿ ಕಂಡ್ರ ನನಗೂ ಆಗಂಗಿಲ್ಲ. ನಮ್ಮ ಹೂರಣ್ಯಾ ಪ್ರೀತಿಲೆ ಮೈಮ್ಯಾಲೆ ಬಂದ್ರೂ ಸಣ್ಣ ಕೂಸಿಗೆ ಅದು ಹುಲಿ ಬಂದಂಗ. ಬಾಜೂ ಮನಿ ಮೊಮ್ಮಗಳು ಒಮ್ಮೆ ಹೆದರಿ ಬಿದ್ದು ಮೊಣಕಾಲು ಕೆತ್ತಿಕೊಂಡ್ಲು, ಅವರವ್ವ ಬೈದದ್ದು ಸುಮ್ನ ಕೇಳಿಕೊಂಡೆ, ತಪ್ಪು ನಮ್ಮದಿತ್ತು. ಅವತ್ತಿನಿಂದ ಹೊರಗ ಹೋದ್ರ ಹಗ್ಗ ಬಿಡಂಗಿಲ್ಲ. ರೇಬೀಸ್ ಇಂಜೆಕ್ಷನ್ ವರ್ಷಕ್ಕೊಮ್ಮೆ, ಹುಚ್ಚು ಹತ್ತಿದ ಮ್ಯಾಲೆ ನಾಯಿಗೂ ಔಷಧ ಇಲ್ಲ, ಕಚ್ಚಿಸಿಕೊಂಡವರಿಗೂ ಇಲ್ಲ. ಪ್ರಾಣಿಗೆ ಬುದ್ಧಿ ಕಡಿಮಿ ಇದ್ದಷ್ಟು ಸಾಕಿದವರಿಗೆ ಹೆಚ್ಚು ಬೇಕು.

ಅತ್ತಿಯವರಿಗೆ ಈಗ 84. ಹೇಳಿದ್ದ ಹೇಳ್ತಾರ. ಅವರ ತವರೂರ ಹಳ್ಳಕ್ಕ ಮಹಾಪೂರ ಬಂದ ಕಥಿ ದಿನಕ್ಕ ಮೂರು ಸಲ ಆಗ್ತದ. ನನಗ ಒಲಿ ಮ್ಯಾಲೆ ಪಲ್ಯಾ, ಇವರಿಗೆ ಪೇಪರು, ಪುಣೆದಿಂದ ಫೋನ್ ಮಾಡಿದಾಂವಂಗ ಮೀಟಿಂಗು. ಹೂರಣ್ಯಾ ಮಾತ್ರ ಅವರ ಹಳೇ ಇಳಕಲ್ ಸೀರಿ ಮ್ಯಾಲೆ ಕೂತು, ಕಿವಿ ಎತ್ತಿ, ಪ್ರತಿ ಸಲಾನೂ ಪೂರ್ತಿ ಕೇಳ್ತಾನ. ಮಹಾಪೂರ ಬಂದಾಗ ಮೊದಲನೇ ಸಲ ಕೇಳಿದವರಂಗ ತಲಿ ಸೊಟ್ಟ ಮಾಡ್ತಾನ. ನೆನಪು ಇರಂಗಿಲ್ಲಲ್ಲ ಅವಂಗ, ಪಾಪ.

ಮನಿಯವರು ಅವನ ಬಗ್ಗೆ ಇವತ್ತಿಗೂ ಒಂದು ಒಳ್ಳೆ ಮಾತಾಡಂಗಿಲ್ಲ. "ಬರ್ನಾಸ ನಾಯಿ" ಅಂತನ ಕರೀತಾರ. ಆದ್ರ ದಿನಾ ಸಂಜೀಕ ಕೆಸಿಡಿ ಮೈದಾನದಾಗ ವಾಕಿಂಗ್ ಮುಗಿಸಿ ಬರೋವಾಗ ಸೀದಾ ಪೂರ್ವದ ಗೇಟಿಗೆ ಬರಂಗಿಲ್ಲ ಅವರು. ನಾ ಅಡಗಿಮನಿ ಕಿಟಕಿಯಿಂದ ನೋಡ್ತೀನಿ. ಮೊದಲ ದಕ್ಷಿಣದ ಗ್ವಾಡಿ ಹತ್ರ ಬಂದು ನಿಂದರ್ತಾರ. ಒಳಗಡೆ ಇವ ಗ್ವಾಡಿಗೆ ಬಾಲ ಬಡೀತಿರ್ತಾನ. ಇವರು ಆಚೆ ಕಡೆಯಿಂದ ಗ್ವಾಡಿ ಮ್ಯಾಲೆ ಕೈ ಇಟ್ಟು "ಬಂದೆಪಾ, ಬಂದೆ" ಅಂತಾರ. ಆಮ್ಯಾಲೆ ಸುತ್ತು ಹಾಕಿ ಗೇಟಿಗೆ ಹೋಗ್ತಾರ.